ದಾಕ್ಷಾಯಣಿಯ ಇಲಿಗಳು

ಸಕ್ಕರೆ ಕಾಯಿಲೆಯ ಪ್ರತಿ ಮಗುವಿಗೂ ಹುಬ್ಬಳ್ಳಿಯ ದವಾಖಾನೆಯ ಇಲಿಮನೆಯಲ್ಲಿ ಅದರದೇ ಒಂದು ಇಲಿವಂಶ ಬೆಳೆಯುತ್ತಿತ್ತು. ಮಗುವಿನ ಕಾಯಿಲೆಯನ್ನೇ ಅವುಗಳೊಳಗೆ ಇಳಿಸಿ, ಒಡಹುಟ್ಟಿದವುಗಳನ್ನೇ ತಲೆತಲಾಂತರದಿಂದ ಕೂಡಿಸಿ, ಎಲ್ಲವೂ ಒಂದೇ ಅಚ್ಚಿನಲ್ಲಿ ಹುಟ್ಟುವಂತೆ ಮಾಡಿದ್ದರು. ಇಲಿಗಳಿಗೆ ಇಂದು ಆದದ್ದು ಸ್ವಲ್ಪ ದಿನಕ್ಕೆ ಮಗುವಿಗೂ ಆಗುತ್ತಿತ್ತು. ಹೊಸ ಔಷಧವನ್ನು ಮೊದಲು ಅವುಗಳಿಗೇ ಕೊಟ್ಟು ನೋಡುತ್ತಿದ್ದರು. ಹೆತ್ತವರು ಸಂತೆಗೆ ಹೋಗುವಂತೆ ವಾರವಾರ ಹೋಗಿ ನೋಡಿಕೊಂಡು ಬರುತ್ತಿದ್ದರು.

ಆ ಸೋಮವಾರ ಬಡಗಿ ಫಕ್ಕೀರಪ್ಪ ಹೋದಾಗ, ಅವನ ಮಗಳು ದಾಕ್ಷಾಯಣಿಯ ಇಲಿಗಳು ನೀರಿನ ನಳಿಗೆಗೆ ಬಾಯಿ ಹಚ್ಚಿ ಕುಡಿಯುತ್ತಲೇ ಇದ್ದವು. ಅವನು ಚಾಚಿದ ಗಜ್ಜರಿಯ ತುಂಡನ್ನು ಒಂದೂ ನೋಡಲಿಲ್ಲ. ಎಲ್ಲವುಗಳ ಕಣ್ಣೂ ಹೋಗಿದ್ದವು.

"ಹೊಸಾ ಔಷಧಾನೂ ಹತ್ತಲಿಲ್ರಿ," ಎಂದರು ಇಲಿಮನೆಯ ಡಾಕ್ಟರ್ ಶಮೀಮಾ.

"ಬ್ಯಾರೆ ಮರಿ ಹಾಕಸ್ರಿ ಮೇಡಂ. ಒಂದಾರ ಗಟ್ಟಿ ಹುಟ್ಟೀತು."

"ಎಷ್ಟು ಹುಟ್ಟಿದ್ರೂ ಇವೇ ಹುಟ್ತಾವ್ರಿ, ಅಣ್ಣಾರ."

"ಕಣ್ಣು ಹೋದ ಮ್ಯಾಲೆ ಏನ್ರಿ?"

"ಕಿಡ್ನಿ," ಎಂದು ಆಕೆ ಮುಖ ತಿರುಗಿಸಿದರು.

ಅವನು ಮನೆಗೆ ಬಂದಾಗ ದಾಕ್ಷಾಯಣಿ ಹೊಸ್ತಿಲಲ್ಲಿ ಕೂತು ಕಸೂತಿ ಹಾಕುತ್ತಿದ್ದಳು.

"ನನ್ನ ಇಲಿ ಹೆಂಗದಾವಪ್ಪಾ?"

"ಚಲೋ ಅದಾವವ್ವಾ. ಆಡಾಕ ಹತ್ತಿದ್ವು."

ಅವಳು ನಕ್ಕು, ಸೂಜಿಯನ್ನೂ ದಾರವನ್ನೂ ಅವನ ಕೈಗಿಟ್ಟಳು. "ಇದನ್ನ ಪೋಣಿಸಿ ಕೊಡಪಾ. ಮೋಡ ಆಗೇತೇನು? ಏನೂ ಕಾಣವಲ್ದು."

ಫಕ್ಕೀರಪ್ಪ ಬೀದಿಯತ್ತ ನೋಡಿದ. ನಡುಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ಹೌದವ್ವಾ, ಭಾಳ ಮೋಡ ಆಗೇತಿ," ಎಂದು ಅವಳ ಪಕ್ಕದಲ್ಲಿ ಕೂತ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದ. ಎಷ್ಟು ಸಲ ಪೋಣಿಸಲು ನೋಡಿದರೂ ದಾರ ಸೂಜಿಯೊಳಗೆ ಹೋಗಲಿಲ್ಲ.