ಹಿಮ ಸರಿಸುವ ಲಾರಿ

ನಾಗಪುರದ ಕಳಮನಾ ರಸ್ತೆಯಲ್ಲಿ ಮುಂದಿನ ಲಾರಿಯಿಂದ ಸುಟ್ಟ ಡೀಸೆಲ್ ವಾಸನೆ ಬಂದರೆ, ಹಾರ್ನಿನ ಮೇಲಿದ್ದ ನನ್ನ ಕೈ ಈಗಲೂ ತಾನಾಗಿ ಹಿಂದೆ ಸರಿಯುತ್ತದೆ.

ಇದು ಶುರುವಾದಾಗ ನಾನು ಎಂಟು ವರ್ಷದ ಹುಡುಗಿ. ಅಪ್ಪ ಮೊದಲು ಸೈನ್ಯದಲ್ಲಿ ಗುಡ್ಡದ ರಸ್ತೆಗಳ ಹಿಮ ಸರಿಸುವ ಲಾರಿ ಓಡಿಸುತ್ತಿದ್ದ. ನಿವೃತ್ತನಾದ ಮೇಲೆ ನಾಗಪುರದ ಕಾರ್ಖಾನೆಯೊಂದನ್ನು ಸೇರಿದ್ದ. ಅಂಥದೇ ಹಳೆಯ ಲಾರಿಯೊಂದು ಇತವಾರಿ ಪೇಟೆಯ ಗುಜರಿಗೆ ಬಂದಿದೆಯೆಂದು ಕೇಳಿ, ಬೇಸಿಗೆಯ ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋದ.

ಲಾರಿಯ ಮೂತಿಗೆ ಬಾಗಿದ ಕಬ್ಬಿಣದ ದೊಡ್ಡ ಹಲಗೆಯಿತ್ತು. “ನಾಗಪುರ್ ಮೇ ಬರ್ಫ್ ಕಹಾಂ, ಭಾವೂ?” ನಾಗಪುರದಲ್ಲಿ ಹಿಮ ಎಲ್ಲಿಂದ ಬರಬೇಕು ಎಂದು ಗುಜರಿಯವನು ನಕ್ಕ. ಬಿಸಿಲಿಗೆ ಕಾದ ಆ ಹಲಗೆಯ ಮೇಲೆ ಅಪ್ಪ ಅಂಗೈ ಇಟ್ಟವನು ತೆಗೆಯಲೇ ಇಲ್ಲ.

“ಇದರ ಮುಂದ ನನ್ನ ಜೋಡಿ ಇದ್ದ ಬಸಪ್ಪ ಬರ್ಫಿನ್ಯಾಗ ಕೋಲು ಚುಚ್ಚಿಕೋತ ನಡೀತಿದ್ದ, ರಸ್ತಾ ಎಲ್ಲೈತಿ ಅಂತ ನೋಡಾಕ. ಹಿಂದ ನಾ ಸಾವಕಾಶ ಲಾರಿ ತರ್ತಿದ್ದೆ. ಹಾರ್ನ್ ಮಾತ್ರ ಹೊಡೀಬಾರದವ್ವಾ. ಆ ಸಪ್ಪಳಕ್ಕ ಗುಡ್ಡದ ಬರ್ಫ ಕೆಳಗ ಜಾರತೈತಿ ಅಂತಿದ್ರು.”

“ಆ ಕಾಕಾ ಈಗ ಎಲ್ಲದಾರ?”

“ಅಲ್ಲೇ, ಬರ್ಫಿನ್ಯಾಗ ಉಳದ.”

ಅಪ್ಪ ನೀರು ಕುಡಿಯಲು ಅತ್ತ ಹೋದಾಗ ನಾನು ಲಾರಿ ಹತ್ತಿದೆ. ಸೀಟಿನಿಂದ ಎಣ್ಣೆ, ಧೂಳು, ಹಳೆಯ ಕಂಬಳಿಯ ವಾಸನೆ ಬರುತ್ತಿತ್ತು. ಕಿಟಕಿಯ ಪಕ್ಕ ರಬ್ಬರ್ ಗುಂಡಿನ ಹಾರ್ನ್ ಇತ್ತು. ಎರಡೂ ಕೈಯಿಂದ ಹಿಂಡಿದೆ.

ಅಪ್ಪನ ಕೈಯಿಂದ ಲೋಟ ಬಿತ್ತು. ಅವನು ಒಮ್ಮೆ ತಲೆಯೆತ್ತಿ ಆಕಾಶ ನೋಡಿದ, ಆಮೇಲೆ ಓಡಿದ. ನನ್ನ ಕಡೆಗಲ್ಲ, ಹಲಗೆಯ ಮುಂದಕ್ಕೆ.

ಅಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.