ಓಟವೋ ನೋಟವೋ

ಸೈಲೆನ್ಸರಿಗೆ ಕಪ್ಪು ಬಣ್ಣವೋ ಬೆಳ್ಳಿ ಹೊಳಪೋ ಎಂಬ ಘನಗಂಭೀರ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಆ ಭಾನುವಾರ ಗ್ಯಾರೇಜಿನಲ್ಲಿ ಮೂವರು ಸೇರಿದ್ದರು. ಒಬ್ಬ, ಬೈಕು ಓಡಿಸಲಿದ್ದ ತಮ್ಮ. ಇನ್ನೊಬ್ಬರು ಅವನ ಅತ್ತಿಗೆ. ಮೂರನೆಯವನು ಮೆಕ್ಯಾನಿಕ್, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಎಂಜಿನ್ನಿನ ಎದೆಬಡಿತ ಕೇಳುತ್ತಿದ್ದುದರಿಂದ ಊರು ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿತ್ತು. ನಾಲ್ಕನೆಯವನು ಬರುವಂತಿರಲಿಲ್ಲ. ಬೈಕು ಅವನದು. ಅವನು ಸತ್ತು ಒಂದೂವರೆ ವರ್ಷವಾಗಿತ್ತು.

ಊರ ಹೊರಗೆ ಕಲ್ಲುಗೋಡೆಯ ತಿರುವೊಂದಿದೆ. ಅಣ್ಣ ಅದನ್ನು ನೂರರ ವೇಗದಲ್ಲಿ ದಾಟಲು ಹೋಗಿ ಗೋಡೆಗೆ ಬಡಿದಿದ್ದ. ಒಡೆದ ಮೀಟರಿನ ಮುಳ್ಳು ನೂರರಲ್ಲೇ ಸಿಕ್ಕಿಕೊಂಡಿತ್ತು. ಡಾಕ್ಟರ್ ಅದನ್ನು ಗ್ಯಾರೇಜಿನ ಮೊಳೆಗೆ ತೂಗುಹಾಕಿದ್ದ, ಮುಖ ಗೋಡೆಯ ಕಡೆಗೆ. ಆ ಎಂಜಿನ್ನಿಗೆ ಮೊದಲು ಬಲ ತುಂಬಿಕೊಟ್ಟವನೂ ಅವನೇ.

ಕೊಬ್ಬು, ಅದಕ್ಕೇ ಸತ್ತ ಎಂದರು ಜನ. ತಮ್ಮನಿಗೆ ಅದು ಗಂಟಲಲ್ಲಿ ನಾಟಿದ ಇನ್ನೊಂದು ಮುಳ್ಳು. ಆ ತಿರುವನ್ನು ನೂರರಲ್ಲಿ ದಾಟಬಹುದು, ಅಣ್ಣನ ಅಂದಾಜು ಸರಿಯಿತ್ತು ಎಂದು ತೋರಿಸುವವರೆಗೆ ಅವನಿಗೆ ಅನ್ನ ಇಳಿಯುವಂತಿರಲಿಲ್ಲ. ಅತ್ತಿಗೆ ಮೂರು ತಿಂಗಳು ಅತ್ತರು, ಬೈದರು, ಕೀಲಿ ಬಚ್ಚಿಟ್ಟರು. ಅವನು ಇನ್ನೊಂದು ಕೀಲಿ ಮಾಡಿಸಿಕೊಂಡ. ಒಂದು ಬೆಳಿಗ್ಗೆ ಅವರು ಇದ್ದಕ್ಕಿದ್ದಂತೆ ಒಪ್ಪಿದರು. ಡಾಕ್ಟರ್ ಕೈಯಲ್ಲೇ ರಿಪೇರಿಯಾಗಬೇಕು ಎಂಬುದೊಂದೇ ಷರತ್ತು.

"ಒಂದೇ ಸಲ, ಅತ್ತಿಗೆ. ಮುಳ್ಳು ನೂರು ಮುಟ್ಟಬೇಕು, ತಿರುವು ದಾಟಬೇಕು. ಆಮೇಲೆ ಬೈಕ್ ಯಾರಿಗಾದ್ರೂ ಕೊಟ್ಬಿಡಿ. ನಾನು ಕೇಳಲ್ಲ."

"ಮುಳ್ಳು ನೂರು ಮುಟ್ಟಿದ್ರೆ ಸಾಕು ತಾನೆ?"

"ಸಾಕು."

"ನಿಮ್ಮಣ್ಣನ ಆಣೆ?"

"ಅಣ್ಣನ ಆಣೆ."

ಡಾಕ್ಟರ್ ಕೈಯೊರೆಸಿಕೊಂಡ. "ಒಂದು ಮಾತು ಮೊದಲೇ ಹೇಳ್ಬಿಡಿ. ಓಟ ಬೇಕೋ, ನೋಟ ಬೇಕೋ? ಓಟಕ್ಕೆ ಕೈಹಾಕಿದ್ರೆ ನೋಟ ಕೆಡುತ್ತೆ. ನೋಟ ನೋಡ್ಕೊಂಡ್ರೆ ಓಟ ಕುಂಟುತ್ತೆ."

"ಎರಡೂ," ಎಂದ ತಮ್ಮ.

ಅತ್ತಿಗೆಯ ಕಣ್ಣು ಮೊಳೆಯ ಮೇಲಿತ್ತು. "ಓಟವೆಲ್ಲ ನೋಟದಲ್ಲೇ ಇರಲಿ, ಡಾಕ್ಟ್ರೇ."

ಸ್ಪ್ಯಾನರ್ ಎತ್ತಿದ ಕೈ ಅಲ್ಲೇ ನಿಂತಿತು. ಡಾಕ್ಟರ್ ಅವರ ಮುಖವನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಆಗಲಿ, ತಾಯಿ."

ಸೈಲೆನ್ಸರ್ ಕಪ್ಪು ಎಂದು ತೀರ್ಮಾನವಾಯಿತು.

ಎರಡು ವಾರ ಕೆಲಸ ನಡೆಯಿತು. ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಉಜ್ಜಿ ಹೊಳಪೇರಿಸಿದ್ದಾಯಿತು. ಸೈಲೆನ್ಸರಿನ ಒಳಗಿನದನ್ನೆಲ್ಲ ಡಾಕ್ಟರ್ ಕಿತ್ತೆಸೆದ. ಅತ್ತಿಗೆ ಆರಿಸಿದ ಪುಟ್ಟ ದುಂಡು ಕನ್ನಡಿಗಳು ಬಂದವು, ಹೊಸ ಮೀಟರು ಬಂತು. "ಈ ಮೀಟರಿಗೆ ಹೊಂದಲಿ ಅಂತ ಮುಂದಿನ ಚಕ್ರದಲ್ಲಿ ಒಂದು ಚಿಕ್ಕ ಹಲ್ಲುಗಾಲಿ ಬದಲಾಯಿಸಿದೀನಿ," ಎಂದ ಡಾಕ್ಟರ್. ತಮ್ಮ ತಲೆಯಾಡಿಸಿದ; ಅವನ ಗಮನ ಟ್ಯಾಂಕಿನ ಮೇಲಿತ್ತು. ಅದರ ಪಕ್ಕದಲ್ಲಿ ಅಣ್ಣನ ಮೊಣಕಾಲು ಬಡಿದಿದ್ದ ತಗ್ಗನ್ನು ಅವನು ಯಾರಿಗೂ ಮುಟ್ಟಗೊಡಲಿಲ್ಲ. ತನ್ನ ಮೊಣಕಾಲು ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಅಷ್ಟು ಸರಿಯಾಗಿ ಕೂರುವುದೊಂದು ಅವನಿಗೆ ಹಿಡಿಸಿರಲಿಲ್ಲ.

ಕಿಕ್ ಹೊಡೆದಾಗ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಮರುದಿನ ಬೆಳಗಿನ ಮಂಜಿನಲ್ಲಿ ಅವನು ಪೆಟ್ರೋಲ್ ಬಂಕು ದಾಟಿದ. ಎಪ್ಪತ್ತು. ಎಂಬತ್ತು. ಎಂಜಿನ್ ಕಿರುಚುತ್ತಿತ್ತು. ಬಂಕಿನಿಂದ ತಿರುವಿಗೆ ನಾಲ್ಕೇ ನಿಮಿಷ ಎನ್ನುತ್ತಿದ್ದ ಅಣ್ಣ. ಇವತ್ತು ದಾರಿ ಮುಗಿಯುತ್ತಲೇ ಇಲ್ಲ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆಯುತ್ತಿರುವಂತೆ.

ತೊಂಬತ್ತು. ಗಡಗಡ ನಡುಗುವ ಕನ್ನಡಿಯಲ್ಲಿ ಬೆಳ್ಳಗಿನದೇನೋ ಕಂಡಿತು. ಅಣ್ಣನ ಜಾಕೆಟ್ ಬಿಳಿಯದು. ತಮ್ಮ ಆಕ್ಸಿಲರೇಟರ್ ತಿರುವಿದ. ಬಿಳುಪು ಒಂದಿಂಚೂ ಹಿಂದೆ ಬೀಳಲಿಲ್ಲ. ಈ ವೇಗದ ಬೆನ್ನಿಗೆ ಬದುಕಿರುವವರು ಯಾರೂ ಹೀಗೆ ಅಂಟಿಕೊಂಡು ಬರಲಾರರು. ಸೈಲೆನ್ಸರಿನ ಅಬ್ಬರದ ಅಡಿಯಿಂದ ಉದ್ದನೆಯದೊಂದು ಊಳು ಕೇಳಿಸಿತು. ಮತ್ತೆ ಕೇಳಿಸಿತು. ಬೇಡ, ಬೇಡ ಎನ್ನುವಂತೆ.

"ನೋಡ್ತಾ ಇರು, ಅಣ್ಣಾ!" ಎಂದು ಕೂಗಿದ.

ಮುಳ್ಳು ನೂರು ಮುಟ್ಟಿತು. ಗೋಡೆ ಎದುರಾಯಿತು. ಬೈಕು ವಾಲಿತು. ಗೋಡೆ ಪಕ್ಕಕ್ಕೆ ಸರಿದುಹೋಯಿತು. ಅಷ್ಟೆ. ಇಷ್ಟು ಸಲೀಸೇ?

ಪಕ್ಕದ ಮಣ್ಣುದಾರಿಗಿಳಿದು ನಿಲ್ಲಿಸಿ, ಹ್ಯಾಂಡಲಿಗೆ ಹಣೆಯಿಟ್ಟು ಮನಸಾರೆ ಅತ್ತ. ತಲೆಯೆತ್ತಿದಾಗ ರಸ್ತೆ ಖಾಲಿ. ಒಣಗಿದ ಟಾರಿನ ಮೇಲೆ, ತಿರುವಿನುದ್ದಕ್ಕೂ, ಒಂದು ಸಾಲು ನೀರಿನ ಹನಿಗಳು. ಅಲ್ಲಿ ಅತ್ತವನು ತಾನೊಬ್ಬನೇ ಅಲ್ಲ.

ಗ್ಯಾರೇಜಿನಲ್ಲಿ ಅತ್ತಿಗೆ ಕಾಯುತ್ತಿದ್ದರು.

"ಮುಳ್ಳು?"

"ನೂರು."

ಅವರು ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಸಿದು ಕೂತು ಕೈಚಾಚಿದರು. ಅವನು ಎರಡೂ ಕೀಲಿ ಕೊಟ್ಟ. ಡಾಕ್ಟರ್ ಬೈಕಿನ ಮೇಲೆ ತಾಡಪಾಲು ಎಳೆದ.

ತಮ್ಮ ಬಿಳುಪಿನ ಬಗ್ಗೆ ಹೇಳಿದ, ಊಳಿನ ಬಗ್ಗೆ ಹೇಳಿದ. ನೀರಿನ ಹನಿಗಳಿಗೆ ಬರುವ ಹೊತ್ತಿಗೆ ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. ಡಾಕ್ಟರ್ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡಿದ್ದ, ಎಂಜಿನ್ ಬಂದ್ ಆಗಿದ್ದರೂ.

ಆಗ ಹೊರಗೆ ಅದೇ ಊಳು ಕೇಳಿಸಿತು.

ಬಾಗಿಲಿಗೆ ಬಿಳಿ ಬಣ್ಣದ ನೀರಿನ ಟ್ಯಾಂಕರ್ ಬಂದು ನಿಂತಿತು. ಹಿಂದಿನ ನಲ್ಲಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಡಾಕ್ಟ್ರೇ, ಒಂಚೂರು ಗಾಳಿ ಹೊಡೀರಿ. ಬೆಳಿಗ್ಗೆ ಮಂಜಲ್ಲಿ ಯಾವನೋ ಬೈಕಿನವನು ಸಿಕ್ಕಿದ್ದ ನೋಡಿ. ಸದ್ದು ಕೇಳಿದ್ರೆ ವಿಮಾನ, ಹೋಗೋದು ನೋಡಿದ್ರೆ ಮೆರವಣಿಗೆ! ಹಾರ್ನ್ ಹೊಡ್ದು ಹೊಡ್ದು ಕೈ ಸೋತೋಯ್ತು. ತಿರುವಿನ ತನಕ ಸೈಡೇ ಕೊಡಲಿಲ್ಲ ಪುಣ್ಯಾತ್ಮ."

ತಮ್ಮ ಮೆಲ್ಲಗೆ ಕೇಳಿದ. "ನೀವು ಎಷ್ಟರಲ್ಲಿ ಬರ್ತಿದ್ರಿ?"

"ತುಂಬಿದ ಟ್ಯಾಂಕರ್ ಅಪ್ಪಾ ಇದು! ಐವತ್ತೈದು ದಾಟಿದ್ರೆ ನನ್ನ ಹೆಸರು ಬದಲಾಯಿಸು."

ತಮ್ಮ ತಾಡಪಾಲಿನಡಿ ಹೊಸ ಮೀಟರಿದ್ದ ಕಡೆ ನೋಡಿದ, ಆಮೇಲೆ ಅತ್ತಿಗೆಯ ಮುಷ್ಟಿ ನೋಡಿದ. ಎರಡೂ ಕೀಲಿ ಅದರೊಳಗಿದ್ದವು.

ಆ ತಿರುವನ್ನು ನೂರರಲ್ಲಿ ದಾಟಿದವರು ಇವತ್ತಿಗೂ ಒಬ್ಬರೂ ಇಲ್ಲ.