ಇಬ್ಬರ ನಡುವಿನ ಜಾಗ

“ಮತ್ತೆ ನಡುವಿಗೇ ಹೊಡೆದ್ರಾ!” ಎಂದು ವಕೀಲರು ಹಲ್ಲು ಕಡಿದರು.

ಜೊತೆಗಾತಿ ಹಲ್ಲಿನ ಡಾಕ್ಟರಮ್ಮ ಮುಂದಿನ ಚೆಂಡಿಗೆ ಸಜ್ಜಾಗಿ ನಿಂತರು. ಬೆಳಿಗ್ಗೆ ಚೀಟಿ ಎತ್ತಿ ಜೋಡಿಯಾದವರು; ಅಲ್ಲಿಯವರೆಗೆ ಪರಸ್ಪರ ಮುಖ ಕಂಡವರಲ್ಲ. ಈಗ ಪಿಕಲ್‌ಬಾಲ್ ಫೈನಲ್‌ನಲ್ಲಿ ಸೋಲುವ ಹಂತಕ್ಕೆ ಬಂದಿದ್ದರು. ವಕೀಲರು ಕಪ್ ಇಡಲು ಆಫೀಸಿನ ಕಪಾಟಿನಲ್ಲಿ ಆಗಲೇ ಜಾಗ ಮಾಡಿಟ್ಟಿದ್ದರು.

ನೆಟ್ಟಿನ ಆಚೆ ನಿವೃತ್ತ ಸ್ಟೇಷನ್ ಮಾಸ್ಟರು, ಅವರ ಹೆಂಡತಿ; ಚೀಟಿಯೇ ಅವರನ್ನೂ ಜೋಡಿ ಮಾಡಿತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೇ ಆಡುತ್ತಿದ್ದರು. ನಡುವೆ ಬಂದ ಚೆಂಡು ಯಾರದೆಂದು ಒಬ್ಬರು ಕೂಗಬೇಕು; ಇವರು ಕೂಗುತ್ತಿರಲಿಲ್ಲ. ಹೇಗೋ ಮಾಸ್ಟರೇ ಹೊಡೆದು ಅಂಕ ಗಳಿಸುತ್ತಿದ್ದರು. ಆಕೆ ಚೆಂಡನ್ನು ಗಂಡನ ಕೈಗೆ ಕೊಡದೆ ನೆಲದ ಮೇಲೆ ಉರುಳಿಸುತ್ತಿದ್ದರು. ಆತ ಅತ್ತ ನೋಡದೆಯೇ ಎತ್ತಿಕೊಳ್ಳುತ್ತಿದ್ದರು.

“ಎಂಥ ಹೊಂದಾಣಿಕೆ! ಇವರಿಗೆ ಮಾತೇ ಬೇಡ,” ಎಂದು ಪ್ರೇಕ್ಷಕರು ತಲೆದೂಗಿದರು.

“ಮಾಸ್ಟರ ಎಡಗಡೆಗೆ ಹಾಕಿ. ಆ ಕಡೆ ಅವರ ಕೈ ಹೋಗಲ್ಲ,” ಎಂದರು ವಕೀಲರು.

“ಗೊತ್ತು. ಆ ಭುಜದ ನೋವು ಹಳೇದು.”

“ಗೊತ್ತಿದ್ದೂ ನಡುವಿಗೆ ಹೊಡೀತೀರಾ?”

“ಮೊದಲು ಅವರಿಬ್ಬರ ಮೌನ ಮುರೀಬೇಕು ಸಾರ್. ಇವತ್ತು ಬಿಟ್ರೆ ಇಂಥ ಅವಕಾಶ ಮತ್ತೆ ಸಿಗಲ್ಲ.”

ವಕೀಲರಿಗೆ ಇದು ಹಿಡಿಸಿತು. ಎದುರು ಪಕ್ಷವನ್ನು ಒಡೆಯುವುದು ಅವರ ಕಸುಬೇ ಆಗಿತ್ತು.

ಮಾಸ್ಟರು ಸರ್ವ್ ಮಾಡಿದರು. ಡಾಕ್ಟರಮ್ಮ ಚೆಂಡನ್ನು ಗಂಡ ಹೆಂಡಿರ ನಟ್ಟನಡುವೆ, ಆದಷ್ಟು ಹಿಂದಕ್ಕೆ ಕಳಿಸಿದರು. ಇಬ್ಬರೂ ನುಗ್ಗಿದರು. ಬ್ಯಾಟಿಗೆ ಬ್ಯಾಟು ಬಡಿಯಿತು. ಚೆಂಡು ತನ್ನ ಪಾಡಿಗೆ ಹಿಂದಕ್ಕೆ ಉರುಳಿಹೋಯಿತು.

“ಕಣ್ಣು ಕಾಣಲ್ವೇನ್ರೀ? ಅದು ನಂದು!”

“ನಿಂದಾದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು!”

“ನಾನ್ಯಾಕೆ ಮೊದಲು ಬಾಯಿ ಬಿಡ್ಲಿ?”

ಆಟ ನಿಂತಿತು, ಜಗಳ ನಿಲ್ಲಲಿಲ್ಲ. ಸೋರುವ ನಲ್ಲಿಯಿಂದ ಹಿಡಿದು ಮಾಸ್ಟರ ಗೊರಕೆಯವರೆಗೆ ಎಲ್ಲವೂ ಅಂಗಳಕ್ಕೆ ಬಂತು. ಅಂಪೈರ್ ಸೀಟಿ ಊದಿ ಊದಿ ಸುಸ್ತಾಗಿ ಕುಳಿತುಬಿಟ್ಟರು.

“ಭಲೇ! ಒಡೆದೇ ಬಿಟ್ರಲ್ಲ! ಇನ್ನು ಕಪ್ ನಮ್ದೇ,” ಎನ್ನುತ್ತ ವಕೀಲರು ಪಕ್ಕಕ್ಕೆ ತಿರುಗಿದರು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಡಾಕ್ಟರಮ್ಮ ಆಗಲೇ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಟ್ಟಿನ ಹತ್ತಿರ ಹೋಗಿದ್ದರು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದರಲ್ಲಿ ಫೋನನ್ನು ಆ ಜಗಳದ ಕಡೆಗೆ ಚಾಚಿ ಹಿಡಿದಿದ್ದರು.

“ಕೇಳಿಸ್ತಾ ಅಣ್ಣಾ? ಅಪ್ಪ ಅಮ್ಮ ಮಾತಾಡ್ತಿದ್ದಾರೆ!”